ಆರನೇ ಕುರ್ಚಿಯ ಹಸಿರು ದಾರ

ಉಸ್ತಾ ಮಿಸ್ಬಾಹ್ ಊಟಕ್ಕೆ ಕೂತಾಗ ಎದುರಿಗೆ ಯಾರೇ ಹಾದುಹೋಗಲಿ, "ಬನ್ನಿ, ಕೂತ್ಕೊಳ್ಳಿ, ಒಂದು ತುತ್ತು ತಿನ್ನಿ" ಅನ್ನದೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಹಾಗೆ ಅನ್ನುತ್ತಾರೆ. ಅಂದವರಿಗೆ ಬರಲಿ ಎಂದಿರುವುದಿಲ್ಲ, ಕೇಳಿಸಿಕೊಂಡವರು ಕೂರುವುದೂ ಇಲ್ಲ. ಮಿಸ್ಬಾಹ್ ಮಾತ್ರ ನಿಜವಾಗಿಯೇ ಕರೆಯುತ್ತಿದ್ದರು. ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವ ಉಸ್ತಾ, ಅಂದರೆ ಮೇಸ್ತ್ರಿ, ಆಗಿದ್ದ ಕಾಲದಲ್ಲಿ, ಅವರನ್ನು ಅಮಾನತು ಮಾಡುವ ಕಾಗದ ಹಿಡಿದು ಬಂದ ಮೇಲಧಿಕಾರಿಯನ್ನು ಮೊದಲು ಕೂರಿಸಿ, ತಮ್ಮ ಡಬ್ಬಿಯ ರೊಟ್ಟಿ, ಬೇಯಿಸಿದ ಫೂಲ್ ಕಾಳು, ಈರುಳ್ಳಿ ಎಲ್ಲ ಅವನ ಮುಂದೆ ತಳ್ಳಿದ್ದರಂತೆ. ಆತ ಹೊಟ್ಟೆ ತುಂಬ ತಿಂದ, ಕೈ ತೊಳೆದ, ಆಮೇಲೆ ಕಾಗದ ಕೊಟ್ಟ.

"ಹಸಿದವನ ಕೈಯಿಂದ ಅಮಾನತಾಗೋದಕ್ಕಿಂತ ಹೊಟ್ಟೆ ತುಂಬಿದವನ ಕೈಯಿಂದ ಆಗೋದು ವಾಸಿ ಅಲ್ವಾ ಮಿಸ್?" ಎಂದು ಅದನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ.

ಮಿಸ್ ಅಂದರೆ ನಾನು, ಇನ್ಶಿರಾಹ್. ಗಿರಣಿಗಳ ಊರಾದ ಮಹಲ್ಲಾದ ಹಳೇ ಪೇಟೆಯಲ್ಲಿ ಒಂದು ಮಸೀದಿಯ ಮೇಲಂತಸ್ತಿನಲ್ಲಿರುವ ಧರ್ಮಾಸ್ಪತ್ರೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ನರ್ಸು. ಎಂಟು ಕುರ್ಚಿ, ಎಂಟು ಡಯಾಲಿಸಿಸ್ ಯಂತ್ರ. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ದಿನ ಬಂದು, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಕೂತು ರಕ್ತ ತೊಳೆಸಿಕೊಂಡು ಹೋಗುತ್ತಾರೆ. ತೊಳೆತ ಅಂತಲೇ ಕರೆಯುತ್ತೇವೆ. ಬೆಳಗ್ಗೆ ಆರಕ್ಕೆ ಒಂದು ಪಾಳಿ, ಹನ್ನೊಂದಕ್ಕೆ ಒಂದು, ಸಂಜೆ ನಾಲ್ಕಕ್ಕೆ ಒಂದು. ಶನಿ, ಸೋಮ, ಬುಧ ಬರುವವರು ಬೇರೆ, ಭಾನು, ಮಂಗಳ, ಗುರುವಾರದವರು ಬೇರೆ. ಹೀಗೆ ಒಂದೊಂದು ಕುರ್ಚಿಗೂ ಆರು ಜನ. ಆ ಆರು ಜನ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ಕುರ್ಚಿಯ ರೆಕ್ಸಿನ್ನಿನ ಬಿಸಿಯಿಂದ, ಈಗ ತಾನೇ ಯಾರೋ ಎದ್ದುಹೋದರು ಎಂದು ಗೊತ್ತಾಗುತ್ತದೆ, ಅಷ್ಟೇ.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ರೋಗಿ ಸತ್ತರೆ ಉಳಿದವರ ಮುಂದೆ ಆ ಮಾತು ಆಡಕೂಡದು. ಕೇಳಿದರೆ "ತಂತಾಗೆ ವರ್ಗ ಮಾಡಿದ್ದಾರೆ" ಅನ್ನಬೇಕು. ತಂತಾ ಪಕ್ಕದ ದೊಡ್ಡ ಊರು, ಅಲ್ಲೂ ಇಂಥದೇ ಆಸ್ಪತ್ರೆ ಇದೆ. ಈ ಕಟ್ಟಳೆ ಮಾಡಿದವರು ಯಾರೋ ನನಗೆ ಗೊತ್ತಿಲ್ಲ, ನಾನು ಕೆಲಸಕ್ಕೆ ಸೇರುವ ಮೊದಲೇ ಇತ್ತು. ಎದೆ ಒಡೆದುಕೊಳ್ಳಬಾರದು, ರಕ್ತದೊತ್ತಡ ಏರಬಾರದು ಅನ್ನುವ ಒಳ್ಳೆಯ ಉದ್ದೇಶವೇ ಇದ್ದಿರಬೇಕು. ತಂತಾ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ "ಓ, ತಂತಾ ಒಳ್ಳೇದು, ಅಲ್ಲಿ ಯಂತ್ರಗಳು ಹೊಸವು" ಎಂದು ತಲೆ ಆಡಿಸಿ ಗೋಡೆ ಕಡೆ ನೋಡುತ್ತಿದ್ದರು.

ಪುಸ್ತಕ ಹಂಚಿಕೊಳ್ಳುವ ಪದ್ಧತಿ ಶುರು ಮಾಡಿದ್ದು ಮಿಸ್ಬಾಹ್. ಅವರದು ಆರನೇ ಕುರ್ಚಿ, ಶನಿವಾರದ ಗುಂಪು, ಬೆಳಗಿನ ಪಾಳಿ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ನಾಲ್ಕು ಗಂಟೆ ಕೂತು ಮೇಲ್ಛಾವಣಿ ನೋಡುವುದು ಅವರಿಗೆ ಆಗುತ್ತಿರಲಿಲ್ಲ. ಒಂದು ಕಾದಂಬರಿ ತಂದು ಓದಿ ಕುರ್ಚಿಯ ಪಕ್ಕದ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಟ್ಟುಹೋದರು. ಮುಂದಿನ ಪಾಳಿಯವರು ಎತ್ತಿಕೊಂಡು ಓದಿದರು. ಆದರೆ ಒಂದೇ ಪುಸ್ತಕವನ್ನು ಆರು ಜನ ಒಟ್ಟಿಗೆ ಓದಿದರೆ ಯಾರು ಎಲ್ಲಿ ನಿಲ್ಲಿಸಿದರು ಅಂತ ಗೊತ್ತಾಗಬೇಕಲ್ಲ? ಒಂದು ತೋಳು ಸೂಜಿಯಲ್ಲಿ ಸಿಕ್ಕಿರುತ್ತದೆ, ಒಂದೇ ಕೈಯಲ್ಲಿ ಹಾಳೆಯ ಮೂಲೆ ಮಡಿಸುವುದೂ ಕಷ್ಟ. ಮಿಸ್ಬಾಹ್ ಗಿರಣಿಯ ಮನುಷ್ಯ. ಪುಸ್ತಕದ ಬೆನ್ನಿಗೆ ಆರು ಬಣ್ಣದ ನೂಲು ಹೊಲಿದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ತಮಗೆ ಬಿಳಿ. ಅದೇ ದಿನಗಳ ಸಂಜೆ ಪಾಳಿಯ ಹೆಂಗಸಿಗೆ ಹಸಿರು.

ಆ ಹಸಿರು ದಾರದ ಹೆಂಗಸು ಹಾಜ್ಜಾ ವಗೀದಾ, ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವರು. ಓದುತ್ತಾ ನಗು ಬಂದ ಕಡೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗೀಟು ಎಳೆಯುತ್ತಿದ್ದರು, ಸಿಟ್ಟು ಬಂದರೆ ಅಂಚಿನಲ್ಲಿ ಬರೆಯುತ್ತಿದ್ದರು. "ಈ ಹುಡುಗಿಗೆ ಬುದ್ಧಿ ಇಲ್ಲ." ಅದರ ಕೆಳಗೆ ಮಿಸ್ಬಾಹ್: "ಬುದ್ಧಿ ಇದ್ದಿದ್ದರೆ ಕತೆ ಎರಡನೇ ಪುಟಕ್ಕೇ ಮುಗಿಯುತ್ತಿತ್ತು." ಹೀಗೆ ನಾಲ್ಕು ಪುಸ್ತಕದ ಉದ್ದಕ್ಕೂ ಮಾತು ಬೆಳೆದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಐದನೇ ಕುರ್ಚಿಯ ಹಾಜ್ಜಾ ಫೌಕಿಯಾ ಬಾಯಿಗೆ ಬೀಗ ಇಲ್ಲದ ಹೆಂಗಸು. ಅವಳು ಕಾಡುತ್ತಿದ್ದಳು.

"ಏನ್ ಉಸ್ತಾ, ಇವತ್ತು ಮುಖದಲ್ಲಿ ಕಳೆ ಇದೆ? ಹಸಿರು ದಾರ ಏನ್ ಬರ್ದಿದೆ?"

"ನಿನ್ನ ನಾಲಿಗೆ ಕತ್ತರಿಸೋಕೆ ಕತ್ತರಿ ಕಳಿಸ್ತೀನಿ ಅಂತ ಬರ್ದಿದಾರೆ. ಹೊಲಿಗೆ ಟೀಚರು, ಒಳ್ಳೇ ಕತ್ತರಿ ಇರುತ್ತೆ."

ನಾನು ಅದಕ್ಕೆ ಯಾವ ಹೆಸರನ್ನೂ ಇಡುವುದಿಲ್ಲ. ಸೋಮವಾರ ಬೆಳಗ್ಗೆ ತೂಕ ನೋಡಿಕೊಳ್ಳುವ ಮೊದಲೇ ಆ ಮನುಷ್ಯ ಡಬ್ಬಿಗೆ ಕೈ ಹಾಕುತ್ತಿದ್ದದ್ದನ್ನು ಮಾತ್ರ ಕಂಡಿದ್ದೇನೆ.

2006ರ ಚಳಿಗಾಲದಲ್ಲಿ ಐದನೇ ಪುಸ್ತಕ ಬಂತು. ಮಧ್ಯಾಹ್ನದ ಪಾಳಿಯ ಯಾರೋ ರೈಲಿನ ಸೀಟಿನ ಮೇಲೆ ಸಿಕ್ಕಿತೆಂದು ತಂದಿಟ್ಟರು. ರಟ್ಟು ಹರಿದುಹೋಗಿತ್ತು, ಬರೆದವರ ಹೆಸರಿಲ್ಲ. "ಕರೆದರೆ ಬರುವವನು" ಎನ್ನುವುದು ಕತೆಯ ಹೆಸರು. ಎಲ್ಲೋ ಹಿಮದ ನಾಡಿನಲ್ಲಿ ಸತ್ತ ಉಪ್ಪಿನ ವ್ಯಾಪಾರಿಯೊಬ್ಬ ರಕ್ತಪಿಶಾಚಿಯಾಗಿ ಮನೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ತಾನಾಗಿ ಒಳಗೆ ಬರಲಾರ. ಮನೆಯವರು ಬಾ ಎಂದು ಕರೆಯಬೇಕು. ಕರೆದರೆ ಮುಗಿಯಿತು. ಮೊದಲ ಹಾಳೆಯಲ್ಲಿ ಬೇರೆ ಬೇರೆ ಶಾಯಿಯಲ್ಲಿ ಊರುಗಳ ಹೆಸರಿದ್ದವು: ಅಲೆಕ್ಸಾಂಡ್ರಿಯಾ, ದಮನ್‌ಹೂರ್, ಕಫ್ರ್ ಝಯ್ಯಾತ್. ಮೇಲೆ ದಪ್ಪ ಅಕ್ಷರದಲ್ಲಿ, "ಓದಿ ಮುಂದಿನವರಿಗೆ ದಾಟಿಸಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ."

"ಮನೇಲಿ ಇಟ್ಕೋಬಾರದ್ದನ್ನ ಆಸ್ಪತ್ರೇಲಿ ಇಟ್ಕೋಬೋದಾ?" ಎಂದಳು ಫೌಕಿಯಾ.

ಮಿಸ್ಬಾಹ್ ನಕ್ಕರು. "ಇಲ್ಲಿ ಅದಕ್ಕಿಂತ ದೊಡ್ಡವನಿದಾನೆ. ಆ ಬಡಪಾಯಿ ರಾತ್ರಿಗೆ ಒಂದು ಲೋಟ ಕುಡೀತಾನೆ. ನಮ್ಮೋನು ನೋಡು, ನಾಲ್ಕು ಗಂಟೆ ಇಡೀ ಮೈದು ಕುಡಿದು ವಾಪಸ್ ಕಕ್ತಾನೆ." ಯಂತ್ರದ ತಲೆ ತಟ್ಟಿದರು. ಎಂಟೂ ಕುರ್ಚಿಯಲ್ಲಿ ನಗು. ನಾನೂ ನಕ್ಕೆ.

ಆರು ದಾರಗಳು ಮುಂದೆ ಸಾಗಿದವು. ಬಿಳಿ ಎಲ್ಲರಿಗಿಂತ ಮುಂದೆ, ಹಸಿರು ಸ್ವಲ್ಪ ಹಿಂದೆ. ನೂರಮೂವತ್ತೊಂದನೇ ಪುಟದಲ್ಲಿ ಪಿಶಾಚಿ ಒಬ್ಬ ಮುದುಕನ ಬಾಗಿಲಲ್ಲಿ ಮಂಜಿನೊಳಗೆ ಮಾತಿಲ್ಲದೆ ನಿಂತಿದ್ದಾನೆ, ಮುದುಕ ಒಳಗೆ ನಡುಗುತ್ತಿದ್ದಾನೆ. ಮಿಸ್ಬಾಹ್‌ಗೆ ತಡೆಯಲಿಲ್ಲ. ಅಂಚಿನಲ್ಲಿ ಬರೆದರು: "ಚಳಿಯಲ್ಲಿ ಯಾಕೆ ನಿಂತಿದ್ದೀಯ, ಒಳಗೆ ಬಾ. ಚಹಾ ಒಲೆ ಮೇಲಿದೆ." ಹಸಿರು ದಾರ ಅಲ್ಲಿಗೆ ಬಂದಾಗ ವಗೀದಾ ಏನು ಬರೆಯುತ್ತಾರೋ ಎಂದು ಅವರಿಗೆ ಕುತೂಹಲ. ಹಸಿರು ಆಗ ನೂರ ಹನ್ನೆರಡರಲ್ಲಿತ್ತು.

ವಗೀದಾ ಆ ವಾರವೇ ಸತ್ತರು. ಬುಧವಾರ ಸಂಜೆ ತೊಳೆತ ಮುಗಿಸಿಕೊಂಡು ಹೋದವರು ಬೆಳಗಾಗುವುದರೊಳಗೆ ಇಲ್ಲ. ಶನಿವಾರ ಮಿಸ್ಬಾಹ್ ಪುಸ್ತಕ ತೆರೆದರು, ಹಸಿರು ಎಲ್ಲಿತ್ತೋ ಅಲ್ಲೇ. ಸೋಮವಾರವೂ ಅಲ್ಲೇ. ನನ್ನ ಮುಖ ನೋಡಿದರು.

"ಹಾಜ್ಜಾ ವಗೀದಾ ಎಲ್ಲಿ ಮಿಸ್?"

"ತಂತಾಗೆ ವರ್ಗ ಆಯ್ತು ಉಸ್ತಾ."

"ಓ," ಎಂದರು. "ತಂತಾ ಒಳ್ಳೇದು." ಅವತ್ತು ಅವರು ಓದಲಿಲ್ಲ.

ಆರನೇ ಯಂತ್ರಕ್ಕೆ ಸಂಜೆ ಹೊತ್ತಿಗೆ ಬಿಸಿಯೇರುವ ಕಾಯಿಲೆ ಶುರುವಾಗಿತ್ತು. ರಿಪೇರಿಯವನು ಬರುವ ತನಕ ಸಂಜೆ ಆ ಕುರ್ಚಿಗೆ ಯಾರನ್ನೂ ಕೂರಿಸಬೇಡಿ ಎಂದು ಡಾಕ್ಟರು ಹೇಳಿದರು. ಹಾಗಾಗಿ ಆ ಹೊತ್ತಿಗೆ ಕುರ್ಚಿ ಖಾಲಿ.

ನಾಲ್ಕನೇ ವಾರದ ಸೋಮವಾರ ಮಿಸ್ಬಾಹ್ ಪುಸ್ತಕ ತೆರೆದವರು ಹಾಗೇ ಕೂತುಬಿಟ್ಟರು. ಒತ್ತಡ ಇಳಿಯಿತೇನೋ ಎಂದು ನಾನು ಓಡಿಹೋದೆ. ಅವರು ಪುಟ ತೋರಿಸಿದರು. ಹಸಿರು ದಾರ ನೂರ ಹದಿನಾರರಲ್ಲಿತ್ತು.

"ಗಾಳಿಗೆ ಸರಿದಿರುತ್ತೆ," ಎಂದೆ.

"ಸರಿದಿರುತ್ತೆ," ಎಂದರು. ಆಮೇಲೆ ನೂರ ಹದಿನಾಲ್ಕನೇ ಪುಟ ತಿರುಗಿಸಿದರು. ನಗು ಬರುವ ಒಂದು ಸಾಲಿನ ಪಕ್ಕ ಪೆನ್ಸಿಲಿನ ಸಣ್ಣ ಗೀಟು. ಹೋದ ವಾರ ಅದು ಇರಲಿಲ್ಲ.

ಅಂದಿನಿಂದ ಪಾಳಿಗೆ ನಾಲ್ಕು ಪುಟದಂತೆ ಹಸಿರು ಸಾಗಿತು, ಎರಡು ದಿನ ನಿಂತು ಮತ್ತೆ ಸಾಗಿತು. ವಗೀದಾ ಓದುತ್ತಿದ್ದ ವೇಗವೇ ಅದು. ನಾನು ಒಬ್ಬೊಬ್ಬರನ್ನೇ ವಿಚಾರಿಸಿದೆ. ಕಸ ಗುಡಿಸುವವಳು ಕುರ್‌ಆನಿನ ಮೇಲೆ ಆಣೆ ಹಾಕಿದಳು, ಅವಳಿಗೆ ಓದಲೂ ಬರುತ್ತಿರಲಿಲ್ಲ. ಸಂಜೆ ಪಾಳಿಯ ನರ್ಸು "ನನಗೆ ಉಸಿರಾಡೋಕೆ ಪುರುಸೊತ್ತಿಲ್ಲ, ನಿಮ್ಮ ದಾರ ಕಟ್ಕೊಂಡು ನನಗೇನು" ಎಂದು ಹರಿಹಾಯ್ದಳು. ಉಳಿದ ನಾಲ್ಕು ಬಣ್ಣದವರಿಗೆ ಸುದ್ದಿ ಮುಟ್ಟಿ ಓದುವುದನ್ನೇ ಬಿಟ್ಟರು. ಅವರ ದಾರಗಳು ಇದ್ದಲ್ಲೇ ನಿಂತವು. ಬಿಳಿ ಮತ್ತು ಹಸಿರು ಮಾತ್ರ ನಡೆಯುತ್ತಿದ್ದವು. ನಾನು ರಕ್ತ, ಸೂಜಿ, ಹೆಣ ಎಲ್ಲ ಕಂಡವಳು. ಆದರೂ ಮೂರು ಗಂಟೆಗೆ ಮನೆಗೆ ಹೊರಡುವಾಗ ಆ ಡಬ್ಬಿಯ ಕಡೆ ಬೆನ್ನು ಹಾಕಲು ಹೆದರುತ್ತಿದ್ದೆ, ಇದನ್ನು ಮುಚ್ಚಿಡುವುದಿಲ್ಲ.

"ಮಿಸ್, ನಿಜ ಹೇಳು," ಎಂದು ಒಂದು ದಿನ ಮಿಸ್ಬಾಹ್ ಮೆಲ್ಲಗೆ ಕೇಳಿದರು. "ವಗೀದಾ ತಂತಾದಲ್ಲಿದ್ರೆ ಇಲ್ಲಿ ಓದ್ತಿರೋದು ಯಾರು? ತಂತಾದಲ್ಲಿ ಇಲ್ದಿದ್ರೆ ಓದ್ತಿರೋದು ಯಾರು?"

ನಾನು ಸೂಜಿಯ ಟೇಪು ಸರಿಮಾಡಿದೆ. "ಕೈ ಆಡಿಸ್ಬೇಡಿ ಉಸ್ತಾ," ಎಂದೆ. ಆ ಒಂದು ಮಾತು ಆಗಲೇ ಆಡಿಬಿಟ್ಟಿದ್ದರೆ ಆಗುತ್ತಿತ್ತು. ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಆ ಬುಧವಾರ ಬೆಳಗ್ಗೆ ಹಸಿರು ನೂರಮೂವತ್ತೆರಡಕ್ಕೆ ಬಂದಿತ್ತು. ಹಿಂದಿನ ಪುಟದಲ್ಲಿ ಮಿಸ್ಬಾಹ್ ಬರೆದ ಕರೆಯ ಕೆಳಗೆ, ಹೊಲಿಗೆ ಟೀಚರ ಆ ಪುಟ್ಟ ಒತ್ತೊತ್ತು ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು.

"ಬರ್ತೀನಿ. ಸಕ್ಕರೆ ಎರಡು ಚಮಚ."

ಅವರು ಅದನ್ನು ನನಗೆ ತೋರಿಸಲಿಲ್ಲ. ಪುಸ್ತಕ ಮುಚ್ಚಿ ಡಬ್ಬಿಯಲ್ಲಿಟ್ಟರು. ಹೋಗುವಾಗ ಫೌಕಿಯಾ ರೊಟ್ಟಿ ಬಿಚ್ಚಿ "ಬಾ ಉಸ್ತಾ, ತಿನ್ನು" ಎಂದದ್ದಕ್ಕೆ ಉತ್ತರವನ್ನೂ ಕೊಡಲಿಲ್ಲವಂತೆ.

ಶನಿವಾರ ಅವರು ಬರಲಿಲ್ಲ. ಎಂಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ. ಫೋನಿಗೆ ಉತ್ತರವಿಲ್ಲ. ಅವರ ಮೇಲಿನ ಮನೆಯವನಿಗೆ ಹೇಳಿ ಕಳಿಸಿದೆ, "ಮೈಗೆ ಹುಷಾರಿಲ್ಲ, ಸೋಮವಾರ ಬರ್ತಾರಂತೆ" ಎಂದು ಉತ್ತರ ಬಂತು. ಸೋಮವಾರವೂ ಬರಲಿಲ್ಲ. ಐದು ದಿನ ತೊಳೆತವಿಲ್ಲದೆ ಇದ್ದರೆ ನೀರು ಕಾಲಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಏರುತ್ತದೆ. ಇನ್ನೆರಡು ದಿನ ಬಿಟ್ಟರೆ ತಂತಾ.

ಮಧ್ಯಾಹ್ನದ ಪಾಳಿ ಮುಗಿಸಿ ನೇರ ಅವರ ಮನೆಗೆ ಹೊರಟವಳು, ಅವರನ್ನು ಹೆದರಿಸಿದ್ದು ಏನೆಂದು ನೋಡೋಣ ಎಂದು ಡಬ್ಬಿಯ ಪುಸ್ತಕ ತೆಗೆದೆ. ಆ ಸಾಲು ಓದಿ ಪುಸ್ತಕವನ್ನು ಡಬ್ಬಿಗೆ ವಾಪಸ್ ಹಾಕಿದೆ, ಬರೆಯುವವರು ಯಾರೆಂದು ನೋಡಿಯೇ ಹೋಗೋಣ ಎಂದುಕೊಂಡೆ. ಅಲ್ಲೇ ಔಷಧಿ ಕೋಣೆಯಲ್ಲಿ ಬಾಗಿಲು ಓರೆ ಮಾಡಿ ನಿಂತೆ. ನಾಲ್ಕು ಗಂಟೆಯ ಪಾಳಿ ಇನ್ನೂ ಬಂದಿರಲಿಲ್ಲ. ದೀಪ ಹಾಕಿರಲಿಲ್ಲ, ಕೆಳಗೆ ಅಸರ್ ನಮಾಜಿಗೆ ಜನ ಸೇರುತ್ತಿದ್ದರು, ಯಂತ್ರಗಳು ತೊಳೆದುಕೊಳ್ಳುತ್ತಾ ಗೊರಗೊರ ಅನ್ನುತ್ತಿದ್ದವು. ಒಬ್ಬಳು ಮೆಟ್ಟಿಲೇರಿ ಬಂದಳು. ಮೈತುಂಬ ಕಪ್ಪು. ನೇರ ಆರನೇ ಕುರ್ಚಿಗೆ ಹೋಗಿ ಕೂತಳು. ವಗೀದಾರಂತೆಯೇ ಚಪ್ಪಲಿ ಬಿಟ್ಟು ಒಂದು ಕಾಲು ಮಡಿಸಿಕೊಂಡಳು. ಆ ಚಪ್ಪಲಿಯೂ ವಗೀದಾರದೇ, ಎಡಗಾಲಿನದಕ್ಕೆ ನೀಲಿ ದಾರದ ಹೊಲಿಗೆ ಇದ್ದದ್ದು ನನಗೆ ನೆನಪಿತ್ತು. ಡಬ್ಬಿಗೆ ಕೈ ಹಾಕಿದಳು.

ನಾನು ಕಿರುಚಿದೆ. ಅವಳು ನನಗಿಂತ ಜೋರಾಗಿ ಕಿರುಚಿದಳು.

ಅವಳ ಹೆಸರು ನಜ್ಲಾ, ವಗೀದಾರ ಒಬ್ಬಳೇ ಮಗಳು. ಪುಸ್ತಕ ಹೊರಗೆ ಒಯ್ಯಬಾರದು ಎಂದು ತಾಯಿ ಹೇಳಿದ್ದರಂತೆ, ಅದು ಕುರ್ಚಿಯ ಆರು ಜನರ ಸ್ವತ್ತು. ಅದಕ್ಕೆ ಬಾಗಿಲು ಕಾಯುವವನನ್ನು ಬೇಡಿಕೊಂಡು, ತಾಯಿಯ ದಿನಗಳಂದೇ, ಸಂಜೆ ಪಾಳಿಯವರು ಬರುವ ಮೊದಲು ಬಂದು ನಾಲ್ಕು ಪುಟ ಓದಿ ಹೋಗುತ್ತಿದ್ದಳು. "ಗುರುವಾರ ಗೋರಿ ಹತ್ರ ಕೂತು ಅಮ್ಮಂಗೆ ಆ ವಾರದ ಕತೆ ಹೇಳ್ತೀನಿ ಮಿಸ್. ಅರ್ಧದಲ್ಲಿ ಬಿಟ್ಟು ಹೋದ್ರಲ್ಲ, ಅವರಿಗೆ ಅದು ಸರಿಹೋಗ್ತಿರಲಿಲ್ಲ."

"ಈ ಗೀಟು? ಈ ಬರಹ?"

"ಅಮ್ಮ ನಗೋ ಜಾಗ ನಂಗೆ ಗೊತ್ತಲ್ವಾ. ಉಸ್ತಾ ಮಿಸ್ಬಾಹ್ ಏನ್ ಬರೆದ್ರು ಅಂತ ಅಮ್ಮ ಮನೆಗೆ ಬಂದು ಹೇಳಿ ಹೇಳಿ ನಗೋರು. ಅವರು ಚಹಾಕ್ಕೆ ಕರೆದಿದ್ರು. ಉತ್ತರ ಕೊಡದೆ ಇರೋದು ಮರ್ಯಾದೆ ಅಲ್ಲ ಅಂತ ಅಮ್ಮ ಏನ್ ಬರೀತಿದ್ರೋ ಅದನ್ನೇ ಬರೆದೆ. ಅಕ್ಷರ ನಂಗೆ ಕಲಿಸಿದ್ದೇ ಅವರು." ಆಮೇಲೆ ನನ್ನ ಮುಖ ನೋಡಿ, "ಯಾಕೆ, ತಪ್ಪಾಯ್ತಾ?" ಎಂದಳು.

ಅವಳ ಪಕ್ಕ ಒಂದು ಬುಟ್ಟಿ ಇತ್ತು. ಅವತ್ತು ತಾಯಿಯ ನಲವತ್ತನೇ ದಿನ. ಸತ್ತವರ ಹೆಸರಲ್ಲಿ ಹಂಚುವ ಶುರೇಕ್ ಬನ್ನು ಮಾಡಿ, ಆರನೇ ಕುರ್ಚಿಯವರಿಗೂ ಒಂದು ಪಾಲು ತಂದಿದ್ದಳು. ಬುಟ್ಟಿಸಮೇತ ಅವಳ ಕೈ ಹಿಡಿದು ಎಳೆದುಕೊಂಡು ಹೊರಟೆ.

ಮಿಸ್ಬಾಹ್ ಮನೆ ಗಿರಣಿ ಕಾರ್ಮಿಕರ ಹಳೇ ಕಟ್ಟಡದ ಮೂರನೇ ಮಹಡಿ. ಮೆಟ್ಟಿಲಲ್ಲಿ ಬಲ್ಬು ಸುಟ್ಟುಹೋಗಿತ್ತು, ಹೊರಗೆ ಬೆಳಕು ಸೋರಿ ಮುಗಿಯುತ್ತಿತ್ತು. ಬಾಗಿಲು ತಟ್ಟಿದೆ.

"ಯಾರು?"

"ಇನ್ಶಿರಾಹ್, ಉಸ್ತಾ."

"ಏನ್ ಬೇಕು?"

ಬಾಗಿಲಿಗೆ ಬಂದವರಿಗೆ ಏನು ಬೇಕು ಎಂದು ಕೇಳುವುದನ್ನು ನಮ್ಮ ಊರಲ್ಲಿ ಪೊಲೀಸರ ಬಾಯಲ್ಲೂ ನಾನು ಕೇಳಿಲ್ಲ. "ಒಳಗೆ ಕರೆಯೋದಿಲ್ವಾ?" ಎಂದೆ.

"ಕರೆಯೋದಿಲ್ಲ. ಚಿಲಕ ಹಾಕಿಲ್ಲ. ಬರೋಕಾದ್ರೆ ನೀನೇ ಬಾ."

ತಳ್ಳಿಕೊಂಡು ಒಳಹೋದೆ. ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮುಚ್ಚುವಷ್ಟು ಮುಖ ಊದಿತ್ತು, ಕಾಲುಗಳು ದಿಂಬಾಗಿದ್ದವು, ನಾಲ್ಕು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದರು. ಶುಕ್ರವಾರ ಮುಸ್ಸಂಜೆ ಊಟಕ್ಕೆ ಕೂತಿದ್ದರಂತೆ. ಬಾಗಿಲು ತಟ್ಟಿದ ಸದ್ದು. ಬಾಯಿ ಅಭ್ಯಾಸದಂತೆ "ಬನ್ನಿ, ಬಾಗಿಲು ತೆಗೆದೇ ಇದೆ" ಎಂದುಬಿಟ್ಟಿತು. ಯಾರೂ ಬರಲಿಲ್ಲ. ಎದ್ದು ನೋಡಿದರೆ ಮೆಟ್ಟಿಲು ಖಾಲಿ. "ಪುಸ್ತಕದಲ್ಲಿ ಒಂದ್ಸಲ ಕರೆದೆ, ಬಾಯಲ್ಲಿ ಒಂದ್ಸಲ. ಎರಡು ಸಲ ಕರೆದಾಯ್ತು ಮಿಸ್. ಆ ಕುರ್ಚಿ ಈಗ ಅವಳದು. ನಾನು ಅಲ್ಲಿ ಕೂರೋದಿಲ್ಲ."

ನಾನು ಎಲ್ಲ ಬಿಡಿಸಿ ಹೇಳಿದೆ. ಮಗಳು, ನಾಲ್ಕು ಪುಟ, ಗುರುವಾರದ ಗೋರಿ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಹಿಂದೆ ನೋಡುತ್ತಿದ್ದರು.

"ಅದು ಯಾರು?"

ತಿರುಗಿದೆ. ನಜ್ಲಾ ಹೊಸ್ತಿಲ ಆಚೆ, ಕತ್ತಲಲ್ಲಿ, ಕಪ್ಪು ಬಟ್ಟೆಯಲ್ಲಿ, ಬುಟ್ಟಿ ಹಿಡಿದು ಮಾತಿಲ್ಲದೆ ನಿಂತಿದ್ದಳು.

"ಅವಳೇ ಮಗಳು. ನಜ್ಲಾ."

"ಹೌದಾ? ಹಂಗಾದ್ರೆ ಒಳಗೆ ಬರ್ಲಿ."

"ಬಾರಮ್ಮ," ಎಂದೆ ನಾನು. ಅವಳು ಕದಲಲಿಲ್ಲ.

"ಮನೆ ಯಜಮಾನ್ರು ಕರೆಯದೆ ಹೇಗೆ ಬರ್ಲಿ ಮಿಸ್?"

ಒಳ್ಳೆಯ ಮನೆಯ ಹುಡುಗಿ. ಪರಗಂಡಸಿನ ಮನೆ, ಒಬ್ಬಂಟಿ ಮುದುಕ, ಅವನ ಬಾಯಿಂದ ಬಾ ಎಂಬ ಮಾತು ಬಾರದೆ ಹೊಸ್ತಿಲು ದಾಟುವುದುಂಟೇ? ನಾನು ಅವಳನ್ನು ಹಡೆದಿದ್ದರೂ ಅದನ್ನೇ ಕಲಿಸುತ್ತಿದ್ದೆ. ಆದರೆ ಆ ಮಾತು ಕೇಳಿ ಮಿಸ್ಬಾಹ್ ಕುರ್ಚಿಯ ಕೈಯನ್ನು ಹೇಗೆ ಹಿಡಿದರೆಂದರೆ ತೋಳಿನ ನರಗಳೆಲ್ಲ ಎದ್ದವು. ಒಂದು ಕ್ಷಣ, ಆ ಹುಡುಗಿಯನ್ನು ನಾನು ನಿಜವಾಗಿ ಮುಟ್ಟಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ.

"ನಿಮ್ಮಮ್ಮ ಎಲ್ಲಿದಾರೆ?" ಮಿಸ್ಬಾಹ್ ಕತ್ತಲಿಗೆ ಕೇಳಿದರು. ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. "ನೀನು ಬೇಡ. ಅವಳು ಹೇಳ್ಲಿ."

"ಸತ್ತು ಹೋದ್ರು ಉಸ್ತಾ," ಎಂದಳು ನಜ್ಲಾ. "ಗುರುವಾರ ಬೆಳಗ್ಗೆ. ನಾನೇ ಸ್ನಾನ ಮಾಡಿಸ್ದೆ, ನಾನೇ ಬಟ್ಟೆ ಸುತ್ತಿದೆ. ತೋಳಲ್ಲಿ ಸೂಜಿ ಚುಚ್ಚಿದ ಜಾಗ ಇನ್ನೂ ಹಸಿ ಇತ್ತು, ಅದಕ್ಕೆ ಹತ್ತಿ ಇಟ್ಟೆ. ಇವತ್ತು ನಲವತ್ತು. ಅವರ ಹೆಸರಲ್ಲಿ ಶುರೇಕ್ ತಂದಿದೀನಿ. ಬೇಡ ಅಂದ್ರೆ ಇಲ್ಲೇ ಇಟ್ಟು ಹೋಗ್ತೀನಿ."

ಮಿಸ್ಬಾಹ್ ಅತ್ತರು. ನಲವತ್ತು ದಿನ ಅಳಬೇಕಾದದ್ದನ್ನು ಈಗ ಅತ್ತರು. ಉಸಿರು ಸಾಲದೆ ಕೆಮ್ಮುತ್ತಾ, ಮೂಗು ಒರೆಸಿಕೊಳ್ಳುತ್ತಾ ಅತ್ತರು. ನಾನು ಗೋಡೆಗೆ ಆತು ನಿಂತಿದ್ದೆ, ನನಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಅವರು ಮುಖ ಎತ್ತಿ, ಕತ್ತಲ ಕಡೆ ಕೈ ಚಾಚಿ, "ಬಾ ಮಗಳೇ, ಒಳಗೆ ಬಾ. ಯಾಕೆ ಹೊರಗೆ ನಿಂತಿದೀಯ," ಎಂದರು.

ಅವಳು ಬಂದಳು. ಬಂದು ಅವರ ಕೈಯಲ್ಲಿ ಬನ್ನು ಇಟ್ಟಳು.

"ಶುಕ್ರವಾರ ಬಾಗಿಲು ತಟ್ಟಿದ್ದು ನೀನೇನಾ?"

"ಇಲ್ಲ ಉಸ್ತಾ. ನಿಮ್ಮನೆ ಎಲ್ಲಿದೆ ಅಂತ ಗೊತ್ತಾಗಿದ್ದೇ ಇವತ್ತು."

ನಾನು ಅವರ ತೋಳು ಹಿಡಿದು ಎಬ್ಬಿಸಿದೆ. ಟುಕ್‌ಟುಕ್ ಹಿಡಿದು ಆಸ್ಪತ್ರೆಗೆ ಬಂದೆವು. ಎಂಟನೇ ಕುರ್ಚಿಯವನ ತೊಳೆತ ಅರ್ಧಕ್ಕೆ ನಿಲ್ಲಿಸಿ, ಅವನನ್ನು ಬೈದು ಎಬ್ಬಿಸಿ ಮಿಸ್ಬಾಹ್‌ರನ್ನು ಕೂರಿಸಿದೆ. ಮೈಯಲ್ಲಿ ಆರು ಕಿಲೋ ನೀರು ಹೆಚ್ಚಿತ್ತು. ಯಂತ್ರ ತಿರುಗತೊಡಗಿ, ಉಸಿರು ಒಂದು ದಾರಿಗೆ ಬಂದ ಮೇಲೆ ಅವರು ನನ್ನ ಮುಂಗೈ ಹಿಡಿದುಕೊಂಡರು.

"ಮಿಸ್, ಸತ್ತವರಿಗೆ ನಾನು ಹೆದರೋನಲ್ಲ. ನನ್ನ ಹೆಂಡ್ತೀನ ನಾನೇ ಮಣ್ಣು ಮಾಡಿದೀನಿ. ಸತ್ರು ಅಂತ ಯಾರೂ ಹೇಳದೆ ಇರೋರಿಗೆ ಹೆದರ್ತೀನಿ. ಅವರು ಎಲ್ಲಿ ಅಂತ ಹೋಗ್ಬೇಕು? ನನ್ನ ತಂತಾಗೆ ಕಳಿಸ್ಬೇಡ. ಆಣೆ ಇಡು."

ಆಣೆ ಇಟ್ಟೆ.

ಆಮೇಲೆ ಹದಿನಾಲ್ಕು ತಿಂಗಳು ಬದುಕಿದರು. ನಜ್ಲಾ ಗುರುವಾರ ಗೋರಿಯಿಂದ ಬರುವಾಗ ಅವರ ಮನೆಗೂ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದಳು. ಆ ಕಾದಂಬರಿಯನ್ನು ಇಬ್ಬರೂ ಮುಗಿಸಿ, ಮೊದಲ ಹಾಳೆಯಲ್ಲಿ ಮಹಲ್ಲಾ ಎಂದು ಬರೆದು ರೈಲಿನಲ್ಲಿ ಬಿಟ್ಟುಬಂದರು. ಕೊನೆಯಲ್ಲಿ ಏನಾಯಿತೆಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಮುಸ್ಸಂಜೆ ಅವರು ಹೋದರು. ಮೇಲಿನ ಮನೆಯವನು ಆ ಹೊತ್ತಿಗೆ ಮೆಟ್ಟಿಲಿಳಿಯುತ್ತಿದ್ದನಂತೆ. ಒಳಗಿನಿಂದ ಮಿಸ್ಬಾಹ್ ಗಟ್ಟಿಯಾಗಿ, ಸಂತೋಷದ ದನಿಯಲ್ಲಿ, "ಬನ್ನಿ, ಬನ್ನಿ, ಎಷ್ಟು ಹೊತ್ತು ನಿಂತಿದ್ರಿ" ಎಂದದ್ದು ಕೇಳಿಸಿತು. ಬಾಗಿಲಲ್ಲಿ ಯಾರೂ ಇರಲಿಲ್ಲ ಎಂದು ಅವನು ಮೂರು ಸಲ ಹೇಳಿದ.

ಶನಿವಾರ ಬೆಳಗ್ಗೆ ಆರನೇ ಕುರ್ಚಿ ಖಾಲಿ. ಯಂ‍ತ್ರಗಳು ಶುರುವಾದವು. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಕೊನೆಗೆ ಫೌಕಿಯಾ, ಗೋಡೆ ನೋಡುತ್ತಲೇ, "ಉಸ್ತಾ ಎಲ್ಲಿ ಮಿಸ್? ತಂತಾನಾ?" ಎಂದಳು.

"ಸತ್ರು," ಎಂದೆ.

ಆ ಕೋಣೆಯಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಒಬ್ಬರ ಯಂತ್ರ ಒತ್ತಡ ಏರಿತೆಂದು ಕೂಗಿಕೊಂಡಿತು, ಹೋಗಿ ಗುಂಡಿ ಒತ್ತಿ ಸುಮ್ಮನಾಗಿಸಿದೆ. ಫೌಕಿಯಾ ನನ್ನ ಕಡೆ ತಿರುಗಿದಳು.

"ವಗೀದಾ?"

"ಅವರೂ ಸತ್ರು."

"ಎರಡನೇ ಕುರ್ಚಿ ಬುರ್ಹಾಮ್?" ಎಂದ ಮೂಲೆಯಿಂದ ಇನ್ನೊಬ್ಬ.

"ಸತ್ತ."

"ಲಬೀಬ್ ಮೇಷ್ಟ್ರು? ಹೂ ಮಾರ್ತಿದ್ದ ಅತಿಯಾತ್?"

ಒಂದೊಂದೇ ಹೆಸರು ಬಂತು. ನಾನು ಮರೆತಿದ್ದ ಹೆಸರುಗಳನ್ನೂ ಅವರು ಮರೆತಿರಲಿಲ್ಲ, ಯಾವ ಕುರ್ಚಿ, ಯಾವ ಪಾಳಿ, ಯಾವ ಹಬ್ಬದ ಹಿಂದಿನ ದಿನ ಬರದೆ ಹೋದರು ಎಲ್ಲ ನೆನಪಿಟ್ಟುಕೊಂಡಿದ್ದರು. ನಾನು ಪ್ರತಿ ಹೆಸರಿಗೂ ಉತ್ತರ ಕೊಟ್ಟೆ. ಪ್ರತಿ ಸಲವೂ ಅವರು ಸೂಜಿಯಿಲ್ಲದ ಆ ಒಂದು ಕೈಯನ್ನು ಎತ್ತಿ, ಸತ್ತವರಿಗಾಗಿ ಓದುವ ಫಾತಿಹಾ ಓದಿದರು, ಏಳು ಕುರ್ಚಿಯಿಂದ ಏಳು ಕೈ. ಹೀಗೆ ಒಂದೂವರೆ ಗಂಟೆ ನಡೆಯಿತು.

ಕೊನೆಗೆ ಫೌಕಿಯಾ ಕೇಳಿದಳು, "ಮೂರನೇ ಕುರ್ಚಿ ಇಹ್ಸಾನ್? ಮದುವೆ ಆಗಿ ಎರಡೇ ತಿಂಗಳಾಗಿತ್ತಲ್ಲ, ಆ ಹುಡುಗಿ?"

"ಇಹ್ಸಾನ್ ಬದುಕಿದಾಳೆ!" ಎಂದೆ. ನನಗೆ ಎಷ್ಟು ಹಗುರವಾಯಿತೆಂದರೆ ನಕ್ಕೇಬಿಟ್ಟೆ. "ಅಣ್ಣ ಮೂತ್ರಪಿಂಡ ಕೊಟ್ಟ. ದಮಿಯೆತ್ತಾದಲ್ಲಿ ಗಂಡನ ಮನೇಲಿ ಚೆನ್ನಾಗಿದಾಳೆ. ಮೊನ್ನೆ ಗಂಡು ಮಗು ಆಯ್ತಂತೆ, ಫೋನ್ ಮಾಡಿದ್ಲು."

"ಓ, ದಮಿಯೆತ್ತಾ ಒಳ್ಳೇದು," ಎಂದ ಮೂಲೆಯವನು, ಗೋಡೆ ಕಡೆ ನೋಡುತ್ತಾ. ಫೌಕಿಯಾ ನನ್ನನ್ನು ತುಂಬ ಹೊತ್ತು, ಕರುಣೆಯಿಂದ ನೋಡಿದಳು. ಆಮೇಲೆ ಕೈ ಎತ್ತಿ ಇಹ್ಸಾನ್ ಹೆಸರಲ್ಲಿ ಫಾತಿಹಾ ಶುರು ಮಾಡಿದಳು, ಉಳಿದವರೂ ಕೈ ಎತ್ತಿದರು.